ಸ್ವಭಾವ ಅಂತ ಬಯ್ಯುವ ಮೊದಲು: ಹಾರ್ಮೋನುಗಳ ಬಗ್ಗೆ ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಇಲ್ಲಿ ಶಿಕ್ಷಕರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರಿದ್ದೀರಿ, ಹಿಂದಿನ ಸಾಲಿನಲ್ಲಿ ಅಜ್ಜ ಅಜ್ಜಿಯರೂ ಇದ್ದೀರಿ. ತುಂಬಾ ಸಂತೋಷ. ಹಾರ್ಮೋನ್ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ನೋಡುವವರು ಡಾಕ್ಟರಲ್ಲ, ನೀವು. ಆದರೆ ನೋಡಿದಾಗ ಅದು ಕಾಯಿಲೆ ಅಂತ ಅನಿಸುವುದಿಲ್ಲ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ನಮ್ಮ ಮನೆಗಳಲ್ಲಿ ಆಡುವ ಕೆಲವು ಮಾತುಗಳನ್ನು ಕೇಳಿ. "ಬಾಣಂತನ ಮುಗಿಸಿ ಬಂದ ಮೇಲೆ ಇವಳು ಪೂರಾ ಸೋಮಾರಿ ಆಗಿಬಿಟ್ಟಳು, ಹಾಸಿಗೆ ಬಿಟ್ಟು ಏಳೋದೇ ಇಲ್ಲ." "ಅವಳಿಗೆ ಮೂಗಿನ ತುದಿಯಲ್ಲೇ ಕೋಪ." "ಎಷ್ಟು ಸಾಧು ಮಗು ನೋಡಿ, ಅಳೋದೇ ಇಲ್ಲ, ಯಾವಾಗಲೂ ನಿದ್ದೆ." "ಎಂಟು ವರ್ಷ ಆಯ್ತು, ಇನ್ನೂ ಹಾಸಿಗೆ ಒದ್ದೆ ಮಾಡ್ತಾನೆ, ನಾಚಿಕೆ ಇಲ್ವಾ?"

ಇವೆಲ್ಲ ಸ್ವಭಾವದ ಮೇಲೆ ಆಡುವ ಮಾತುಗಳು. ಆದರೆ ಈ ನಾಲ್ಕರಲ್ಲಿ ಯಾವುದಾದರೂ ಒಂದು ಗ್ರಂಥಿಯ ತೊಂದರೆ ಇರಬಹುದು. ಇರಲೇಬೇಕು ಅಂತಲ್ಲ. ಇರಬಹುದು. ಬಯ್ಯುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗಿಬಿಡುತ್ತದೆ.

ಮೊದಲು ಗ್ರಂಥಿಗಳ ಪರಿಚಯ, ಚುಟುಕಾಗಿ. ಬೆವರಿನ ಗ್ರಂಥಿಗೆ, ಜೊಲ್ಲಿನ ಗ್ರಂಥಿಗೆ ನಾಳ ಇದೆ. ಅವು ತಯಾರಿಸಿದ್ದು ಆ ನಾಳದಲ್ಲಿ ಹರಿದು ಹೊರಗೆ ಬರುತ್ತದೆ. ನಿರ್ನಾಳ ಗ್ರಂಥಿಗಳಿಗೆ ಅಂಥ ನಾಳ ಇಲ್ಲ. ಅವು ತಮ್ಮ ಸರಕನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ರಕ್ತ ಮೈಯೆಲ್ಲ ಸುತ್ತುತ್ತದೆ. ಹಾಗಾಗಿ ಕತ್ತಿನಲ್ಲಿ ತಯಾರಾದದ್ದು ಹೃದಯಕ್ಕೂ, ಕರುಳಿಗೂ, ಕೂದಲ ಬುಡಕ್ಕೂ, ಮಿದುಳಿಗೂ ಹೋಗಿ ಕೆಲಸ ಮಾಡುತ್ತದೆ. ಮಿದುಳಿನ ತಳದಲ್ಲಿ ಹೈಪೋಥಲಾಮಸ್, ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ. ಕತ್ತಿನ ಮುಂಭಾಗದಲ್ಲಿ ಥೈರಾಯ್ಡ್, ಅದರ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್. ಕಿಡ್ನಿಗಳ ತಲೆಯ ಮೇಲೆ ಎರಡು ಅಡ್ರಿನಲ್. ಹೊಟ್ಟೆಯ ಹಿಂಬದಿಯಲ್ಲಿ ಮೇದೋಜೀರಕ ಗ್ರಂಥಿ. ಹೆಂಗಸರಲ್ಲಿ ಅಂಡಾಶಯ, ಗಂಡಸರಲ್ಲಿ ವೃಷಣ. ಮುಖ್ಯವಾದವು ಇವು.

ಇವು ರಕ್ತದ ಮೂಲಕ ಕೆಲಸ ಮಾಡುತ್ತವೆ ಅನ್ನುವುದು ಹೇಗೆ ಗೊತ್ತಾಯಿತು? 1849ರಲ್ಲಿ, ಜರ್ಮನಿಯ ಗಟಿಂಗೆನ್ ಎಂಬ ಊರಿನಲ್ಲಿ, ಹುಂಜಗಳಿಂದ. ಅರ್ನಾಲ್ಡ್ ಬರ್ಟೋಲ್ಡ್ ಎಂಬ ಪ್ರಾಧ್ಯಾಪಕರು ಆರು ಎಳೆಯ ಹುಂಜಗಳ ವೃಷಣ ತೆಗೆದರು. ಎರಡನ್ನು ಹಾಗೇ ಬಿಟ್ಟರು. ಅವುಗಳ ಜುಟ್ಟು ಚಿಕ್ಕದಾಯಿತು, ಸರಿಯಾಗಿ ಕೂಗಲಿಲ್ಲ, ಜಗಳಕ್ಕೆ ಹೋಗಲಿಲ್ಲ. ಉಳಿದ ನಾಲ್ಕಕ್ಕೆ ಒಂದೊಂದು ವೃಷಣವನ್ನು ಹೊಟ್ಟೆಯೊಳಗೆ, ಬೇರೆ ಜಾಗದಲ್ಲಿ ಇಟ್ಟು ಹೊಲಿದರು. ಆ ನಾಲ್ಕೂ ಎಂದಿನಂತೆ ಕೂಗಿದವು, ಕಾದಾಡಿದವು, ಹೇಂಟೆಯ ಹಿಂದೆ ಓಡಿದವು. ಕೊನೆಗೆ ಕೊಯ್ದು ನೋಡಿದರೆ, ಇಟ್ಟ ವೃಷಣಕ್ಕೆ ಹಳೆಯ ನರದ ಸಂಪರ್ಕವೇ ಇರಲಿಲ್ಲ. ಹೊಸ ರಕ್ತನಾಳಗಳು ಮಾತ್ರ ಬೆಳೆದಿದ್ದವು. ಅಂದರೆ ಕೂಗುವುದು, ಕಾದಾಡುವುದು, ಹುಂಜದ "ಸ್ವಭಾವ" ಅಂತ ನಾವು ಏನನ್ನು ಕರೆಯುತ್ತೇವೋ ಅದು, ರಕ್ತದಲ್ಲಿ ಹರಿಯುವ ಯಾವುದೋ ವಸ್ತುವಿನ ಮೇಲೆ ನಿಂತಿತ್ತು. ನನಗೆ ಈ ಪ್ರಯೋಗ ತುಂಬಾ ಇಷ್ಟ. ಇಷ್ಟು ಸರಳವಾಗಿ ಇಷ್ಟು ದೊಡ್ಡ ಸತ್ಯ ಹೇಳಿದ ಪ್ರಯೋಗಗಳು ಕಡಿಮೆ.

ಆ ವಸ್ತುಗಳಿಗೆ ಹಾರ್ಮೋನ್ ಅನ್ನುವ ಹೆಸರು ಬಂದದ್ದು 1905ರಲ್ಲಿ, ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರಿಂದ. ಅದಕ್ಕೂ ಮೂರು ವರ್ಷ ಮೊದಲು ಅವರೂ ವಿಲಿಯಂ ಬೇಲಿಸ್ ಅವರೂ ಸೇರಿ ಕರುಳಿನಿಂದ ಬರುವ ಸೆಕ್ರೆಟಿನ್ ಅನ್ನು ಕಂಡುಹಿಡಿದಿದ್ದರು.

ಈಗ ಪ್ರಮಾಣದ ವಿಷಯ. ಥೈರಾಯ್ಡ್ ರಿಪೋರ್ಟಿನಲ್ಲಿ ಫ್ರೀ ಟಿ4 ಅಂತ ಒಂದು ಸಾಲು ಇರುತ್ತದೆ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಎಷ್ಟಿದೆ ಅನ್ನುವ ಲೆಕ್ಕ ಅದು, ಪಕ್ಕದಲ್ಲಿ ನ್ಯಾನೋಗ್ರಾಂ ಅಂತ ಬರೆದಿರುತ್ತಾರೆ. ಒಂದು ಗ್ರಾಂ ತೆಗೆದುಕೊಂಡು 100 ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ನ್ಯಾನೋಗ್ರಾಂ. 100 ಮಿಲಿಲೀಟರ್ ರಕ್ತದ ದ್ರವದಲ್ಲಿ ಅಂಥ ಒಂದು, ಒಂದೂವರೆ ನ್ಯಾನೋಗ್ರಾಂ ಇದ್ದರೆ ಮನುಷ್ಯ ಎದ್ದು ಓಡಾಡುತ್ತಾನೆ. ಅದರಲ್ಲಿ ಅರ್ಧ ಕಡಿಮೆಯಾದರೆ ಹಾಸಿಗೆ ಹಿಡಿದವನ ಹಾಗೆ ಆಗುತ್ತಾನೆ. ಇಷ್ಟು ಸಣ್ಣ ಪ್ರಮಾಣವನ್ನು ಅಳೆಯುವುದು ಬಹಳ ಕಾಲ ಯಾರಿಂದಲೂ ಆಗಿರಲಿಲ್ಲ. ನ್ಯೂಯಾರ್ಕಿನ ಒಂದು ಸೈನಿಕರ ಆಸ್ಪತ್ರೆಯಲ್ಲಿ ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ 1950ರ ದಶಕದಲ್ಲಿ ಅದಕ್ಕೆ ದಾರಿ ಮಾಡಿದರು. ಮೊದಲು ಅಳೆದದ್ದು ಇನ್ಸುಲಿನ್. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಇವತ್ತು ನಮ್ಮ ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಸಂಜೆ ರಿಪೋರ್ಟ್ ತೆಗೆದುಕೊಳ್ಳುತ್ತೀರಲ್ಲ, ಅದರ ಹಿಂದೆ ಅವರ ಕೆಲಸ ಇದೆ.

ಆ ರಿಪೋರ್ಟ್ ಓದುವಾಗ ಜನರಿಗೆ ಒಂದು ಗೊಂದಲ ಆಗುತ್ತದೆ. "ಡಾಕ್ಟ್ರೇ, ನನಗೆ ಥೈರಾಯ್ಡ್ ಜಾಸ್ತಿ ಇದೆಯಂತೆ, 18 ಬಂದಿದೆ" ಅನ್ನುತ್ತಾರೆ. ಆದರೆ ಮಾತ್ರೆ ಕೊಡುವುದು ಕಡಿಮೆ ಇರುವವರಿಗೆ ಕೊಡುವ ಮಾತ್ರೆ. ಇದೇನು ಉಲ್ಟಾ ಅಂತ ಅನಿಸುತ್ತದೆ ಅಲ್ವಾ? ಆ 18 ಥೈರಾಯ್ಡಿನ ಸರಕಲ್ಲ. ಅದು ಟಿಎಸ್‌ಎಚ್. ಪಿಟ್ಯುಟರಿ ಕಳಿಸುವ ಆಜ್ಞೆ. ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ ಇರುತ್ತಾನಲ್ಲ, ಹಾಗೆ ಅಂದುಕೊಳ್ಳಿ. ಕೆಲಸ ಸರಿಯಾಗಿ ನಡೆಯುತ್ತಿದ್ದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಆಳು ಕೆಲಸ ಕಡಿಮೆ ಮಾಡಿದರೆ ಕೂಗುತ್ತಾನೆ. ಆಳು ಬೇಡದಷ್ಟು ಮಾಡುತ್ತಿದ್ದರೆ ಬಾಯಿ ಮುಚ್ಚಿ ಕೂರುತ್ತಾನೆ. ಟಿಎಸ್‌ಎಚ್ ಆ ಕೂಗು. ಕೂಗು ಜೋರಾಗಿದ್ದರೆ ಥೈರಾಯ್ಡ್ ಕೆಲಸ ಕಡಿಮೆ. ಕೂಗೇ ಇಲ್ಲದಿದ್ದರೆ ಥೈರಾಯ್ಡ್ ಅತಿ. ದೊಡ್ಡವರಲ್ಲಿ ಸಾಮಾನ್ಯವಾಗಿ 0.4ರಿಂದ 4ರ ಸುಮಾರಿಗೆ ಇದ್ದರೆ ಸರಿ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಗರ್ಭಿಣಿಯರಿಗೆ ಲೆಕ್ಕ ಬೇರೆ.

ಮೇಸ್ತ್ರಿಗೇ ಕಾಯಿಲೆ ಬಂದರೆ? ಆಗ ಕೂಗು ಕೇಳುವುದಿಲ್ಲ, ಕೆಲಸವೂ ನಡೆಯುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ಥೈರಾಯ್ಡ್ ಇಲ್ಲದಿದ್ದರೆ ಮನುಷ್ಯನಿಗೆ ಏನಾಗುತ್ತದೆ ಅನ್ನುವುದನ್ನು ಪ್ರಪಂಚ ಒಂದು ಮಗುವಿನ ನೋವಿನಿಂದ ಕಲಿಯಿತು. ಸ್ವಿಟ್ಜರ್ಲೆಂಡಿನಲ್ಲಿ, ಆಲ್ಪ್ಸ್ ಬೆಟ್ಟಗಳ ಊರುಗಳಲ್ಲಿ, ಗಳಗಂಡ, ಅಂದರೆ ಥೈರಾಯ್ಡ್ ಊದಿ ಕತ್ತಿನಲ್ಲಿ ಬರುವ ಗಂಟು, ಮನೆಮನೆಯಲ್ಲೂ ಇತ್ತು. ಬರ್ನ್ ನಗರದ ಸರ್ಜನ್ ಥಿಯೋಡರ್ ಕೋಕರ್ ಗಳಗಂಡದ ಆಪರೇಷನ್ನಿನಲ್ಲಿ ಎತ್ತಿದ ಕೈ. 1874ರಲ್ಲಿ ಅವರು 11 ವರ್ಷದ ಒಬ್ಬ ಹುಡುಗಿಯ ಥೈರಾಯ್ಡನ್ನು ಪೂರ್ತಿ ತೆಗೆದರು. ಗಾಯ ಚೆನ್ನಾಗಿ ವಾಸಿಯಾಯಿತು. ಆದರೆ ಆ ಹುಡುಗಿ ಬದಲಾಗಿದ್ದಾಳೆ ಅಂತ ಅವಳ ಊರಿನ ಡಾಕ್ಟರಿಂದ ಸುದ್ದಿ ಬಂತು. ವರ್ಷಗಳ ಮೇಲೆ ಕೋಕರ್ ಅವಳನ್ನು ಕರೆಸಿ ನೋಡಿದರು. ಅವಳಿಗೊಬ್ಬಳು ತಂಗಿ ಇದ್ದಳು. ಆಪರೇಷನ್ನಿಗೆ ಮೊದಲು ಇಬ್ಬರೂ ನೋಡಲು ಒಂದೇ ಥರ. ಈಗ ತಂಗಿ ಬೆಳೆದು ದೊಡ್ಡ ಹೆಂಗಸಾಗಿದ್ದಳು. ಅಕ್ಕ ಗಿಡ್ಡಗೆ ಉಳಿದಿದ್ದಳು, ಮುಖ ಊದಿತ್ತು, ಮಾತು ನಿಧಾನ, ಬುದ್ಧಿ ಮಂದ. ಕೋಕರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಹುಡುಕಿ ಕರೆಸಿದರು. ಪೂರ್ತಿ ಗ್ರಂಥಿ ತೆಗೆದವರಲ್ಲಿ ಬಹುಪಾಲು ಜನರದ್ದು ಇದೇ ಕಥೆ. 1883ರಲ್ಲಿ ಅವರು ಇದನ್ನು ಮುಚ್ಚಿಡದೆ ಸರ್ಜನ್ನರ ಸಭೆಯಲ್ಲಿ ಹೇಳಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಹುಡುಗಿಯನ್ನು ಶಾಲೆಯಲ್ಲಿ ದಡ್ಡಿ ಅಂತ ಎಷ್ಟು ಸಲ ಬೈದಿರಬಹುದು ಅಂತ ನಾನು ಯೋಚಿಸುತ್ತೇನೆ. ಅವಳಲ್ಲಿ ಯಾವ ದೋಷವೂ ಇರಲಿಲ್ಲ. ದಿನಕ್ಕೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗದಷ್ಟು ಹಾರ್ಮೋನ್ ಇರಲಿಲ್ಲ, ಅಷ್ಟೇ.

ಚಿಕಿತ್ಸೆ 1891ರಲ್ಲಿ ಸಿಕ್ಕಿತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು 46 ವರ್ಷದ ಒಬ್ಬ ಮಹಿಳೆಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಊತ ಇಳಿಯಿತು, ಮಾತು ಚುರುಕಾಯಿತು. ಆಕೆ ಇನ್ನೂ 28 ವರ್ಷ ಬದುಕಿದರು. ಆ ಸಾರದ ಒಳಗಿನ ಥೈರಾಕ್ಸಿನ್ ಅನ್ನು ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರಲ್ಲಿ ಶುದ್ಧವಾಗಿ ಬೇರೆ ಮಾಡಿದರು. ಇವತ್ತು ಕುರಿ ಬೇಕಾಗಿಲ್ಲ, ಕಾರ್ಖಾನೆಯಲ್ಲೇ ತಯಾರಾಗುತ್ತದೆ. ದಿನಕ್ಕೆ 100 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುವವರು 50 ವರ್ಷ ತೆಗೆದುಕೊಂಡರೂ ಒಟ್ಟು ಔಷಧಿ 2 ಗ್ರಾಂ ದಾಟುವುದಿಲ್ಲ. "ಇಷ್ಟು ವರ್ಷ ಮಾತ್ರೆ ನುಂಗಿದರೆ ದೇಹ ಏನಾಗಬೇಕು" ಅಂತ ಭಯಪಡುವವರಿಗೆ ಈ ಲೆಕ್ಕ ಹೇಳಿ. ಅದು ಹೊರಗಿನ ವಿಷವಲ್ಲ, ನಿಮ್ಮ ಗ್ರಂಥಿ ಕೊಡಬೇಕಾಗಿದ್ದ ಅದೇ ಹಾರ್ಮೋನ್.

ಥೈರಾಕ್ಸಿನ್ ಅಣುವಿನಲ್ಲಿ ನಾಲ್ಕು ಅಯೋಡಿನ್ ಇರುತ್ತವೆ. ಅದಕ್ಕೇ ಟಿ4. ಒಂದು ಅಯೋಡಿನ್ ಕಳಚಿದರೆ ಟಿ3, ಜೀವಕೋಶದ ಒಳಗೆ ನಿಜವಾದ ಕೆಲಸ ಮಾಡುವುದು ಅದೇ. ಅಯೋಡಿನ್ ಇಲ್ಲದೆ ಹಾರ್ಮೋನ್ ಇಲ್ಲ. ಸಮುದ್ರದಲ್ಲಿ ಅಯೋಡಿನ್ ಇದೆ. ಬೆಟ್ಟದ ಮಣ್ಣಿನಲ್ಲಿ ಇದ್ದದ್ದು ಮಳೆಗೆ, ಹಿಮಕ್ಕೆ ಕೊಚ್ಚಿಹೋಗುತ್ತದೆ. ಹಾಗಾಗಿ ಆಲ್ಪ್ಸ್, ಹಿಮಾಲಯದ ತಪ್ಪಲು, ಇಲ್ಲೆಲ್ಲ ಗಳಗಂಡ. ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆಯೂ ಇತ್ತು. ಹಾರ್ಮೋನ್ ಸಾಲದಾದಾಗ ಪಿಟ್ಯುಟರಿ ಕೂಗಿ ಕೂಗಿ, ಆ ಕೂಗಿಗೆ ಗ್ರಂಥಿ ಊದುತ್ತಾ ಹೋಗುತ್ತದೆ. ಕತ್ತಿನ ಗಂಟು ಹಾಗೆ ಬರುವುದು.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಪ್ರಯೋಗ ಆದದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ, 1956ರಿಂದ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಕಣಿವೆಯನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು ಹೋಯಿತು, ಒಂದು ಭಾಗಕ್ಕೆ ಮಾಮೂಲಿ ಉಪ್ಪು. ಕೆಲವೇ ವರ್ಷಗಳಲ್ಲಿ ಆ ಎರಡು ಭಾಗದ ಶಾಲೆಮಕ್ಕಳ ಕತ್ತಿನ ಗಂಟು ಇಳಿಯತೊಡಗಿತು. ಆಮೇಲೆ ಮೂರನೆಯ ಭಾಗಕ್ಕೂ ಅದೇ ಉಪ್ಪು ಕೊಟ್ಟರು. 1962ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷದ ಬದುಕಿಗೆ ಒಟ್ಟು 4 ಗ್ರಾಂ ಕೂಡ ಆಗುವುದಿಲ್ಲ. ಅಷ್ಟಕ್ಕಾಗಿ ತಲೆತಲಾಂತರದಿಂದ ಮಕ್ಕಳು ಮಂದಬುದ್ಧಿಯವರಾಗಿ, ಕಿವುಡರಾಗಿ ಬೆಳೆದರಲ್ಲ ಅಂತ ನೆನೆದರೆ ಸಂಕಟ ಆಗುತ್ತದೆ.

ಅದಕ್ಕೆ ಉಪ್ಪಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಈಗ "ಆರೋಗ್ಯಕ್ಕೆ ಒಳ್ಳೆಯದು" ಅಂತ ಗುಲಾಬಿ ಬಣ್ಣದ ಸೈಂಧವ ಉಪ್ಪಿಗೆ ಬದಲಾಗುವವರು ಜಾಸ್ತಿ ಆಗಿದ್ದಾರೆ. ಅದರಲ್ಲಿ ಅಯೋಡಿನ್ ಬೆರೆಸದೆ ಇರಬಹುದು, ಪೊಟ್ಟಣದ ಮೇಲೆ ಓದಿ ನೋಡಿ. ಕೆಲವರು ಕಲ್ಲುಪ್ಪು ತಂದು ಕಸ ಇದೆ ಅಂತ ತೊಳೆದು ಒಣಗಿಸುತ್ತಾರೆ. ತೊಳೆದರೆ ಇದ್ದಬದ್ದ ಅಯೋಡಿನ್ನೂ ನೀರಿನಲ್ಲಿ ಹೋಗುತ್ತದೆ. ಮುಚ್ಚಳ ಇರುವ ಡಬ್ಬದಲ್ಲಿ, ಒಲೆಯಿಂದ ದೂರ ಇಡಿ. ಬಿಪಿ ಇರುವವರು ಉಪ್ಪು ಕಡಿಮೆ ತಿನ್ನಲೇಬೇಕು, ಆದರೆ ತಿನ್ನುವಷ್ಟು ಅಯೋಡಿನ್ ಇರುವ ಉಪ್ಪನ್ನೇ ತಿನ್ನಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಪ್ಪು ಪರೀಕ್ಷೆಯ ಕಿಟ್ ಇರುತ್ತದೆ. ಒಂದು ಚಿಟಿಕೆ ಉಪ್ಪಿನ ಮೇಲೆ ಎರಡು ಹನಿ ಬಿಟ್ಟರೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಬಿಳಿಯಾಗೇ ಉಳಿದರೆ ಅಯೋಡಿನ್ ಇಲ್ಲ. ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು. ಮಕ್ಕಳು ಮನೆಯಿಂದ ಒಂದೊಂದು ಚಿಟಿಕೆ ಉಪ್ಪು ತರಲಿ.

ಆದರೆ ಇನ್ನೊಂದು ಮಾತು. ಇವತ್ತು ನಮ್ಮ ಊರುಗಳಲ್ಲಿ ಥೈರಾಯ್ಡ್ ಕಡಿಮೆ ಆದವರಲ್ಲಿ ಹೆಚ್ಚಿನವರಿಗೆ ಕಾರಣ ಉಪ್ಪಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಬಿದ್ದು ಅದನ್ನು ಸವೆಸುತ್ತದೆ. 1912ರಲ್ಲಿ ಇದನ್ನು ಮೊದಲು ವಿವರಿಸಿದವರು ಜಪಾನಿನ ಹಕಾರು ಹಶಿಮೊಟೊ, ಹಾಗಾಗಿ ಅವರ ಹೆಸರೇ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಜಾಸ್ತಿ. ಜಾಸ್ತಿ ಉಪ್ಪು ತಿಂದರೆ ಇದು ವಾಸಿಯಾಗುವುದಿಲ್ಲ. ಕೋಸು ಬಿಟ್ಟರೂ ವಾಸಿಯಾಗುವುದಿಲ್ಲ. ಬೇಯಿಸಿದ ಕೋಸಿನ ಪಲ್ಯ ಹದವಾಗಿ ತಿನ್ನಿ, ಪಾಪ ಅದರ ತಪ್ಪೇನಿಲ್ಲ.

ಇದು ಬರುವುದು ಎಷ್ಟು ನಿಧಾನ ಅಂದರೆ ಯಾರಿಗೂ ದಿನಾಂಕ ಹೇಳಲು ಆಗುವುದಿಲ್ಲ. ಸುಸ್ತು. ಚಳಿ, ಎಲ್ಲರೂ ಫ್ಯಾನ್ ಹಾಕಿಕೊಂಡಿರುವಾಗ ಇವರಿಗೆ ಶಾಲು. ಮಲಬದ್ಧತೆ. ಚರ್ಮ ಒಣಗುವುದು, ಬಾಚಿದಾಗ ಕೂದಲು ಕೈಗೆ ಬರುವುದು. ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ. ದನಿ ಗೊಗ್ಗರಾಗುವುದು. ಯಾವುದರಲ್ಲೂ ಮನಸ್ಸಿಲ್ಲದಿರುವುದು. ತೂಕ ಸ್ವಲ್ಪ ಏರುತ್ತದೆ, ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ನೀರು. ಇಪ್ಪತ್ತು ಮೂವತ್ತು ಕಿಲೋ ಏರಿದ್ದರೆ ಅದನ್ನೆಲ್ಲ ಥೈರಾಯ್ಡಿನ ಮೇಲೆ ಹಾಕಬೇಡಿ. ತೆಳ್ಳಗಾಗಲು ಅಂತ ಬೇರೆಯವರ ಥೈರಾಯ್ಡ್ ಮಾತ್ರೆ ನುಂಗುವವರಿದ್ದಾರೆ. ದಯವಿಟ್ಟು ಬೇಡ. ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಮಾತ್ರೆ ತೆಗೆದುಕೊಳ್ಳುವವರಿಗೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಕಾಫಿಯೂ ಬೇಡ. ನಮ್ಮವರಿಗೆ ಕಷ್ಟವಾಗುವುದು ಇಲ್ಲೇ. ಎದ್ದ ಕೂಡಲೇ ಡಿಕಾಕ್ಷನ್ ವಾಸನೆ ಬರಬೇಕು, ಕಾಫಿ ಜೊತೆಗೇ ಮಾತ್ರೆ ನುಂಗುತ್ತಾರೆ. ಕಾಫಿ ಮಾತ್ರೆಯನ್ನು ಕರುಳು ಹೀರಿಕೊಳ್ಳದ ಹಾಗೆ ತಡೆಯುತ್ತದೆ. ಟಿಎಸ್‌ಎಚ್ ಇಳಿಯುವುದಿಲ್ಲ, ಡೋಸ್ ಏರಿಸುತ್ತಾ ಹೋಗಬೇಕಾಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಟ್ಟು ತೆಗೆದುಕೊಳ್ಳಿ. ಡೋಸ್ ಬದಲಾಯಿಸಿದರೆ ಆರರಿಂದ ಎಂಟು ವಾರ ಕಳೆದು ಪರೀಕ್ಷೆ ಮಾಡಿಸಿ, ಹದಿನೈದು ದಿನಕ್ಕೆ ಮಾಡಿಸಿದರೆ ದುಡ್ಡು ದಂಡ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅದು ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು. ಗರ್ಭಿಣಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಏರಿಸಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಲ್ಲಿ.

ಈಗ ಆ "ಸಾಧು ಮಗು". ಹುಟ್ಟುವಾಗಲೇ ಥೈರಾಯ್ಡ್ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಮಕ್ಕಳು ಹುಟ್ಟುತ್ತವೆ. ಹುಟ್ಟಿದ ದಿನ ನೋಡಿದರೆ ಏನೂ ಗೊತ್ತಾಗುವುದಿಲ್ಲ, ತಾಯಿಯಿಂದ ಬಂದ ಹಾರ್ಮೋನ್ ಇನ್ನೂ ಸ್ವಲ್ಪ ಇರುತ್ತದೆ. ಆಮೇಲೆ ಮೆಲ್ಲಗೆ ಚಿಹ್ನೆಗಳು. ಕಾಮಾಲೆ ಬೇಗ ಇಳಿಯುವುದಿಲ್ಲ. ಹಾಲು ಕುಡಿಯಲು ಎಬ್ಬಿಸಬೇಕು. ಎರಡು ಮೂರು ದಿನಕ್ಕೊಮ್ಮೆ ಕಕ್ಕ. ಹೊಕ್ಕುಳು ಉಬ್ಬಿರುತ್ತದೆ, ನಾಲಿಗೆ ದಪ್ಪ, ಅಳು ಗೊಗ್ಗರು. ಅಜ್ಜಿ "ನನ್ನ ಮೊಮ್ಮಗು ಎಷ್ಟು ಸಾಧು, ತಾಯಿಗೆ ಒಂದು ಚೂರೂ ತೊಂದರೆ ಕೊಡಲ್ಲ" ಅಂತ ದೃಷ್ಟಿ ತೆಗೆಯುತ್ತಾರೆ. ಈ ಹೊತ್ತಿನಲ್ಲಿ ಪ್ರತಿ ವಾರವೂ ಬೆಲೆಬಾಳುತ್ತದೆ. ಹುಟ್ಟಿದ ಎರಡು ವಾರದೊಳಗೆ ಥೈರಾಕ್ಸಿನ್ ಶುರು ಮಾಡಿದರೆ ಮಗು ಉಳಿದ ಮಕ್ಕಳಂತೆಯೇ ಓದಿ ಬರೆದು ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿ ವಾಪಸ್ ಬರುವುದಿಲ್ಲ. ಪರೀಕ್ಷೆ ಬಹಳ ಸುಲಭ. ಹುಟ್ಟಿ 48ರಿಂದ 72 ಗಂಟೆಯ ಹೊತ್ತಿಗೆ ಹಿಮ್ಮಡಿಗೆ ಒಂದು ಚುಚ್ಚು, ಕಾಗದದ ಮೇಲೆ ಕೆಲವು ಹನಿ ರಕ್ತ. ಕೆಲವು ಕಡೆ ಹೊಕ್ಕುಳಬಳ್ಳಿಯ ರಕ್ತದಲ್ಲೇ ಮಾಡುತ್ತಾರೆ. ಎಲ್ಲ ಆಸ್ಪತ್ರೆಯಲ್ಲೂ ತಾವಾಗಿ ಮಾಡುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲು "ಮಗುವಿಗೆ ಟಿಎಸ್‌ಎಚ್ ಮಾಡಿದ್ದೀರಾ?" ಅಂತ ನೀವೇ ಕೇಳಿ. ಮಾಡಿಲ್ಲ ಅಂದರೆ ಮಾಡಿ ಅಂತ ಹೇಳಿ.

"ಮೂಗಿನ ತುದಿಯಲ್ಲೇ ಕೋಪ" ಇರುವವರಲ್ಲಿ ಕೆಲವರಿಗೆ ಥೈರಾಯ್ಡ್ ಅತಿಯಾಗಿರುತ್ತದೆ. ಚೆನ್ನಾಗಿ ಊಟ ಮಾಡಿಯೂ ಇಳಿಯುತ್ತಾರೆ. ಬೆವರು, ಎದೆ ಡವಡವ, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡುಕು, ಅಳು. ಕೆಲವರಿಗೆ ಕಣ್ಣು ಮುಂದೆ ಬಂದಂತೆ ಕಾಣುತ್ತದೆ. ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಕೈ ಮುಂದೆ ಚಾಚಿ, ಬೆರಳು ಅಗಲಿಸಿ, ಮೇಲೆ ಒಂದು ತೆಳು ಹಾಳೆ ಇಡಿ. ಬೆರಳಿನ ನಡುಕ ಬರಿಗಣ್ಣಿಗೆ ಕಾಣದಿದ್ದರೂ ಹಾಳೆಯ ಅಂಚು ಪಟಪಟ ಅದುರುತ್ತದೆ. ಅದುರಿದರೆ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೆ ಕಾರ್ಬಿಮಜೋಲ್ ಅನ್ನುವ ಮಾತ್ರೆ ಕೊಡುತ್ತೇವೆ. ಅದನ್ನು ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ನೋಡಿ. ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ.

ಹಾಸಿಗೆ ಒದ್ದೆ ಮಾಡುವ ಹುಡುಗನ ವಿಷಯ. ನಿಂತಿದ್ದ ಅಭ್ಯಾಸ ಮತ್ತೆ ಶುರುವಾಗಿದ್ದರೆ, ಜೊತೆಗೆ ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದರೆ, ಅಂಗಿ ಸಡಿಲ ಆಗುತ್ತಿದ್ದರೆ, ಇವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ನಾಳೆ ಅಲ್ಲ. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ಪೂರ್ತಿ ನಿಂತುಹೋಗುತ್ತದೆ. ಕೆಲವೇ ವಾರಗಳಲ್ಲಿ ವಾಂತಿ, ಏದುಸಿರು, ಪ್ರಜ್ಞೆ ತಪ್ಪುವ ಮಟ್ಟಕ್ಕೆ ಹೋಗುತ್ತದೆ. ಶಿಕ್ಷಕರೇ, ಪೀರಿಯಡ್ಡಿಗೆ ಎರಡು ಸಲ "ಸರ್, ಹೊರಗೆ ಹೋಗ್ಬೇಕು" ಅನ್ನುವ ಮಗು ತರಗತಿ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿದೆ ಅಂತ ಅಂದುಕೊಳ್ಳಬೇಡಿ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುವ ತನಕ ಇಂಥ ಮಕ್ಕಳು ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತವೆ, ಚೆನ್ನಾಗಿ ಬದುಕುತ್ತವೆ. ಇನ್ಸುಲಿನ್ ಮಾತ್ರ ಒಂದು ದಿನವೂ ನಿಲ್ಲಿಸುವ ಹಾಗಿಲ್ಲ. ಯಾರೋ ಕಷಾಯ ಹೇಳಿದರು ಅಂತಲೂ ನಿಲ್ಲಿಸುವ ಹಾಗಿಲ್ಲ.

ಹದಿಹರೆಯದ ಹೆಣ್ಣುಮಕ್ಕಳ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಾಗುವ ತೊಂದರೆ, ಅದರ ಬಗ್ಗೆ ಒಂದು ಇಡೀ ದಿನ ಮಾತಾಡಬಹುದು. ಇವತ್ತು ಇಷ್ಟು ಸಾಕು: ಮುಟ್ಟು ತಿಂಗಳುಗಟ್ಟಲೆ ಮುಂದೆ ಹೋಗುವುದು, ಗಲ್ಲದ ಮೇಲೆ ಕೂದಲು, ಮೊಡವೆ, ಏರುವ ತೂಕ, ಇವು ಆ ಮಗುವಿನ ತಪ್ಪಲ್ಲ. ನೆಂಟರ ಎದುರು ಅವಳ ಮೈ ಬಗ್ಗೆ ಮಾತಾಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಬನ್ನಿ.

ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಬರುತ್ತದೆ. ಅದು ಇಲ್ಲದೆ ಮನುಷ್ಯ ಬದುಕುವುದಿಲ್ಲ. ಕೀಲು ನೋವಿಗೆ, ಉಬ್ಬಸಕ್ಕೆ ಅಂತ ಹೆಸರಿಲ್ಲದ ಪುಡಿ, ಬಿಡಿ ಮಾತ್ರೆ ಕೊಡುವವರಿದ್ದಾರಲ್ಲ, ಅವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್, ಅಂದರೆ ಕಾರ್ಟಿಸಾಲ್ ಥರವೇ ಕೆಲಸ ಮಾಡುವ ಔಷಧಿ, ಇರುತ್ತದೆ. ಎರಡೇ ದಿನಕ್ಕೆ ನೋವು ಮಾಯ, "ಅವರ ಕೈಗುಣ ಚೆನ್ನಾಗಿದೆ" ಅನ್ನುತ್ತೀರಿ. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗೆ ಊದುತ್ತದೆ, ಹೊಟ್ಟೆಯ ಮೇಲೆ ನೇರಳೆ ಗೆರೆ ಬರುತ್ತವೆ, ಸಕ್ಕರೆ, ಬಿಪಿ ಏರುತ್ತವೆ. ಹೊರಗಿನಿಂದ ಇಷ್ಟು ಬರುತ್ತಿದೆಯಲ್ಲ ಅಂತ ಸ್ವಂತ ಗ್ರಂಥಿ ಕೆಲಸ ನಿಲ್ಲಿಸಿರುತ್ತದೆ. ಆಗ ಪುಡಿಯನ್ನು ತಟ್ಟನೆ ಬಿಟ್ಟರೆ ವಾಂತಿ, ತಲೆಸುತ್ತು, ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ. ಬಿಡಲೇಬೇಕು, ಆದರೆ ಡಾಕ್ಟರ ಕೈಕೆಳಗೆ, ಮೆಲ್ಲಮೆಲ್ಲಗೆ. ನಮ್ಮ ಹತ್ತಿರ ಬರುವಾಗ ಆ ಪುಡಿಯ ಪೊಟ್ಟಣವನ್ನೂ ತನ್ನಿ. ನಾವು ಬಯ್ಯುವುದಿಲ್ಲ.

ಕೊನೆಗೆ ಆ ಮೇಸ್ತ್ರಿಯ ವಿಷಯ. ಗರ್ಭಿಣಿಯಾದಾಗ ಪಿಟ್ಯುಟರಿ ದೊಡ್ಡದಾಗುತ್ತದೆ, ಅದಕ್ಕೆ ಜಾಸ್ತಿ ರಕ್ತ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ ಆಗಿ ಬಿಪಿ ಕುಸಿದರೆ, ಆ ಪುಟ್ಟ ಗ್ರಂಥಿಗೆ ರಕ್ತ ಸಿಗದೆ ಅದರ ದೊಡ್ಡ ಭಾಗ ಸತ್ತುಹೋಗಬಹುದು. 1937ರಲ್ಲಿ ಇದನ್ನು ವಿವರಿಸಿದವರು ಇಂಗ್ಲೆಂಡಿನ ಹೆರಾಲ್ಡ್ ಶೀಹಾನ್. ಹೆರಿಗೆಯ ಆರೈಕೆ ಚೆನ್ನಾಗಿರುವ ದೇಶಗಳಲ್ಲಿ ಈಗ ಅಪರೂಪ. ನಮ್ಮಲ್ಲಿ ಇನ್ನೂ ನೋಡುತ್ತೇವೆ. ತಾಯಿಗೆ ಎದೆಹಾಲು ಬರುವುದಿಲ್ಲ. ಮುಟ್ಟು ಮತ್ತೆ ಬರುವುದಿಲ್ಲ. ಕಂಕುಳ ಕೂದಲು ಉದುರುತ್ತದೆ. ಸುಸ್ತು, ಚಳಿ, ಬಿಳಿಚಿಕೊಂಡ ಮುಖ. ಮನೆಯವರು ಮೊದಲು "ಹಾಲೂ ಕೊಡಲಿಲ್ಲ ಮಗುವಿಗೆ" ಅನ್ನುತ್ತಾರೆ, ಆಮೇಲೆ ಸೋಮಾರಿ ಅನ್ನುತ್ತಾರೆ, ಆಮೇಲೆ ಗಾಳಿ ಸೋಕಿದೆ ಅಂತ ಮಂತ್ರಿಸಲು ಕರೆದುಕೊಂಡು ಹೋಗುತ್ತಾರೆ. ಹತ್ತು ಹದಿನೈದು ವರ್ಷ ಹೀಗೇ ಕಳೆದ ಹೆಂಗಸರಿದ್ದಾರೆ.

ಇವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ರಿಪೋರ್ಟ್ "ನಾರ್ಮಲ್" ಅಂತ ಬರಬಹುದು. ಕೂಗುವ ಮೇಸ್ತ್ರಿಯೇ ಇಲ್ಲವಲ್ಲ. ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ಸೇರಿಸಿ ನೋಡಿದರೆ ಎರಡೂ ನೆಲ ಹಿಡಿದಿರುತ್ತವೆ. ಚಿಕಿತ್ಸೆಯಲ್ಲೂ ಒಂದು ಕ್ರಮ ಇದೆ. ಮೊದಲು ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಹಿಂದುಮುಂದು ಮಾಡಿ ಥೈರಾಕ್ಸಿನ್ ಮೊದಲು ಕೊಟ್ಟರೆ ಜೀವಕ್ಕೆ ಅಪಾಯ. ಸರಿಯಾಗಿ ಕೊಟ್ಟರೆ ಕೆಲವು ದಿನಗಳಲ್ಲೇ ಊಟ ಸೇರುತ್ತದೆ, ಎದ್ದು ಓಡಾಡುತ್ತಾರೆ. ಗಂಡ ಬಂದು "ಮದುವೆ ಹೊಸತರಲ್ಲಿ ಹೀಗಿದ್ದಳು ಡಾಕ್ಟ್ರೇ" ಅನ್ನುತ್ತಾನೆ.

ಹಾಗಾಗಿ ಆಶಾ ಕಾರ್ಯಕರ್ತೆಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಮಗು ಹುಟ್ಟಿದ ಮೇಲೆ ಮುಟ್ಟೇ ಬಾರದೆ, ಸದಾ ಸುಸ್ತಾಗಿ ಮೂಲೆ ಹಿಡಿದಿರುವ ಹೆಂಗಸು ಇದ್ದರೆ, ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ? ರಕ್ತ ಹಾಕಿಸಿದ್ದರಾ? ಎದೆಹಾಲು ಬಂತಾ? ಉತ್ತರ ಬರೆದುಕೊಂಡು ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಚೀಟಿಯಲ್ಲಿ "ಹೆರಿಗೆಯಲ್ಲಿ ರಕ್ತಸ್ರಾವ, ಹಾಲು ಬಂದಿಲ್ಲ, ಮುಟ್ಟು ಬಂದಿಲ್ಲ" ಅಂತ ಒಂದು ಸಾಲು ಇದ್ದರೆ ಅಲ್ಲಿನ ಡಾಕ್ಟರಿಗೆ ಏನು ನೋಡಬೇಕು ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳೋಣ. ರಿಪೋರ್ಟ್ ತಂದಿರುವವರು ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಇರುವ ಹಾಳೆಯನ್ನೂ ಕೈಯಲ್ಲಿ ಹಿಡಿದುಕೊಂಡು ಬನ್ನಿ.